ಒಂಬತ್ತನೇ ನಂಬರಿನ ಬಾಗಿಲು

ಆ ಫೋಟೋದಲ್ಲಿರುವ ಕೈ ನನ್ನದು. ಮೊದಲು ಅದನ್ನು ಹೇಳಿಬಿಡುತ್ತೇನೆ. ಆಮೇಲೆ ಉಳಿದವರ ತಪ್ಪು ಹೇಳುವುದಕ್ಕೆ ನನಗೆ ಬಾಯಿ ಬರುತ್ತದೆ.

ನನ್ನ ಹೆಸರು ಹೊಳಿಯವ್ವ. ಕದರಮಂಡಲಗಿ ದಾಟಿ ಆ ಕಡೆಗಿರುವ ನಮ್ಮೂರಿನ ಗ್ರಾಮ ಪಂಚಾಯಿತಿಯಲ್ಲಿ ಹದಿನಾಲ್ಕು ವರ್ಷ ಕಸ ಗುಡಿಸಿದವಳು. ಕಕ್ಕಸು ತೊಳೆದೆ, ಅಲ್ಮಾರಿಯ ದೂಳು ಒರೆಸಿದೆ, ಹೋಟೆಲಿನಿಂದ ಥರ್ಮಾಸಿನಲ್ಲಿ ಚಹಾ ತಂದಿಟ್ಟೆ, ಲೋಟಕ್ಕೆ ಅವರೇ ಬಗ್ಗಿಸಿಕೊಂಡರು. ನಾಳೆ ಖಾಯಂ ಮಾಡುತ್ತೇವೆ, ನಾಡಿದ್ದು ಮಾಡುತ್ತೇವೆ ಅಂದರು. ನಾನೂ ಕಾದೆ. ಕೆಳಗೇರಿಯವಳಾದ್ದರಿಂದ ಸದಸ್ಯರು ಕುಡಿಯುವ ನೀರಿನ ಕೊಡವನ್ನು ಮುಟ್ಟುವಂತಿರಲಿಲ್ಲ. ಇದನ್ನು ಎಲ್ಲಿಯೂ ಬರೆದಿಟ್ಟಿಲ್ಲ. ಬರೆದಿಟ್ಟ ಕಾನೂನನ್ನು ನಮ್ಮೂರಿನವರು ದಿನಾ ಮುರಿಯುತ್ತಾರೆ, ಬರೆಯದ ಕಾನೂನನ್ನು ಒಂದು ದಿನವೂ ಮುರಿಯುವುದಿಲ್ಲ.

ನಾನು ಏಳನೇ ಇಯತ್ತೆಯವರೆಗೆ ಓದಿದವಳು. ಆಫೀಸಿನಲ್ಲಿ ಅದು ಯಾರಿಗೂ ನೆನಪಿರಲಿಲ್ಲ. ಕೈಯಲ್ಲಿ ಕಸಬರಿಗೆ ಇದ್ದವಳಿಗೆ ಅಕ್ಷರ ಬರುತ್ತದೆ ಎಂದು ಯಾರು ನೆನಪಿಟ್ಟುಕೊಳ್ಳುತ್ತಾರೆ? ಎಮ್ಮೆಯ ಎದುರಿಗೆ ಧೋತರ ಬದಲಿಸಿದ ಹಾಗೆ ನನ್ನ ಎದುರಿಗೆ ಕಾಗದ ಬಿಚ್ಚಿಡುತ್ತಿದ್ದರು.

ಈಗ ಪಂಚಾಯಿತಿ ಇರುವ ಜಾಗದಲ್ಲಿ ಮೊದಲು ಚಾವಡಿ ಇತ್ತಂತೆ. ಇಂಗ್ಲಿಷರ ಕಾಲದಲ್ಲಿ ಹಾಲಸಿದ್ದಪ್ಪನ ಅಜ್ಜ ಅಲ್ಲಿ ಗೌಡಕಿ ಮಾಡುತ್ತಿದ್ದ. ಕಂದಾಯ ಕಟ್ಟದವರನ್ನು ಬಿಸಿಲಿಗೆ ಬಗ್ಗಿಸಿ ಬೆನ್ನ ಮೇಲೆ ಕಲ್ಲು ಹೇರಿಸುತ್ತಿದ್ದ. ಇಂಗ್ಲಿಷರು ಹೋದರು. ಚಾವಡಿ ಕೆಡವಿ ಪಂಚಾಯಿತಿ ಕಟ್ಟಿದರು. ಹಾಲಸಿದ್ದಪ್ಪನ ಅಪ್ಪ ಇಪ್ಪತ್ತು ವರ್ಷ ಚೇರ್ಮನ್ ಆದ. ಆಮೇಲೆ ಹಾಲಸಿದ್ದಪ್ಪ ಹತ್ತು ವರ್ಷ. ಅಷ್ಟರಲ್ಲಿ ಮೀಸಲಾತಿ ಬಂತು. ಈ ಸಲ ಅಧ್ಯಕ್ಷ ಸ್ಥಾನ ಹಿಂದುಳಿದ ವರ್ಗದ ಮಹಿಳೆಗೆ ಎಂದು ಪಟ್ಟಿ ಬಂದಾಗ ಹನ್ನೊಂದು ಜನ ಸದಸ್ಯರಲ್ಲಿ ಅಂಥವಳು ಒಬ್ಬಳೇ ಇದ್ದಳು, ಮಾಸುಮಬಿ. ಆಕೆಯನ್ನು ಸದಸ್ಯಳನ್ನಾಗಿ ಅವಿರೋಧವಾಗಿ ಆರಿಸಿ ತಂದವನೂ ಹಾಲಸಿದ್ದಪ್ಪನೇ. ಬಾಯಿಲ್ಲದ ಬಡವಿ, ಎತ್ತಿಟ್ಟಲ್ಲಿ ಇರುತ್ತಾಳೆ ಎನ್ನುವುದು ಅವನ ಲೆಕ್ಕ. ಮಾಸುಮಬಿ ಅಧ್ಯಕ್ಷಳಾದಳು, ಹಾಲಸಿದ್ದಪ್ಪ ಉಪಾಧ್ಯಕ್ಷನಾದ. ಗೋಡೆಯ ಮೇಲಿನ ಬೋರ್ಡಿನಲ್ಲಿ ಆಕೆಯ ಹೆಸರು ಮೇಲೆ, ಅವನ ಹೆಸರು ಕೆಳಗೆ. ಕುರ್ಚಿಯಲ್ಲಿ ಮಾತ್ರ ಅವನೇ. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎನ್ನುತ್ತಾರಲ್ಲ, ಹಾಗೆ.

ಅಧ್ಯಕ್ಷಳಾದರೆ ಹೊಟ್ಟೆ ಸುಮ್ಮನಿರುತ್ತದೆಯೇ? ಮಾಸುಮಬಿ ಬ್ಯಾಡಗಿಗೆ ಹೋಗುವುದನ್ನು ಬಿಡಲಿಲ್ಲ. ಮೆಣಸಿನಕಾಯಿಯ ತೊಟ್ಟು ಬಿಡಿಸುವುದು ಆಕೆಯ ಕೆಲಸ. ಬೆಳಿಗ್ಗೆ ಆರರ ಬಸ್ಸು. ಗೋದಾಮಿನಲ್ಲಿ ಎದೆಯೆತ್ತರದ ರಾಶಿ. ಅದರ ಮುಂದೆ ಕಾಲು ಮಡಚಿ ಕುಳಿತರೆ ಸಂಜೆಯವರೆಗೆ ಏಳುವಂತಿಲ್ಲ. ಒಂದೊಂದೇ ಕಾಯಿ ಹಿಡಿಯಬೇಕು, ಹೆಬ್ಬೆರಳಿನಿಂದ ತೊಟ್ಟು ಒತ್ತಿ ಮುರಿಯಬೇಕು. ಮಧ್ಯಾಹ್ನದ ಹೊತ್ತಿಗೆ ಉಗುರಿನ ಸಂದಿಗೆ ಬೆಂಕಿ ಬಿದ್ದಂತಾಗುತ್ತದೆ. ಮೂಗು ಸೋರುತ್ತದೆ, ಒರೆಸಿಕೊಂಡರೆ ಮುಖ ಉರಿಯುತ್ತದೆ. ಮಗಳು ಮುಸ್ಕಾನ್‌ಗೆ ಹತ್ತು ವರ್ಷ. ಹತ್ತು ವರ್ಷದಲ್ಲಿ ಒಮ್ಮೆಯೂ ಮಾಸುಮಬಿ ಆ ಹುಡುಗಿಯ ಕಣ್ಣೀರನ್ನು ಬರಿಗೈಯಿಂದ ಒರೆಸಿಲ್ಲ. ಸೆರಗಿನ ಒಳಮಗ್ಗುಲಿನಿಂದ ಒರೆಸುತ್ತಾಳೆ.

ನಮ್ಮ ಪಂಚಾಯಿತಿಯಲ್ಲಿ ಸಭೆ ನಡೆಯುತ್ತಿರಲಿಲ್ಲ. ಸಭೆಯ ಪುಸ್ತಕ ನಡೆಯುತ್ತಿತ್ತು. ಅದು ನಡೆಯುತ್ತಿದ್ದದ್ದು ನನ್ನ ಕಾಲ ಮೇಲೆ. ತಿಂಗಳಿಗೊಮ್ಮೆ ಪಿ.ಡಿ.ಒ. ವಿಜಯಮಹಾಂತೇಶ ಠರಾವಿನ ಪುಸ್ತಕವನ್ನು ನನ್ನ ಕೈಗೆ ಕೊಡುತ್ತಿದ್ದ. ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತುತ್ತಿದ್ದೆ. ಬ್ಯಾಡಗಿಯಲ್ಲಿ ಇಳಿದು ಗೋದಾಮಿಗೆ ಹೋದರೆ ಮಾಸುಮಬಿ ರಾಶಿಯ ಮುಂದಿನಿಂದ ಎದ್ದು ಬರುತ್ತಿದ್ದಳು. ಕೈಯನ್ನು ಸೆರಗಿಗೆ ಒರೆಸಿಕೊಂಡು, ಮೆಣಸಿನಕಾಯಿ ಚೀಲದ ಮೇಲೆ ಪುಸ್ತಕ ಇಟ್ಟು, ನಾನು ಬೆರಳು ತೋರಿಸಿದಲ್ಲಿ ಬರೆಯುತ್ತಿದ್ದಳು. ನಾಲ್ಕನೇ ಇಯತ್ತೆಯ ಅಕ್ಷರ. ಒಂದೊಂದೇ ಅಕ್ಷರ ಕೂಡಿಸಿ ‘ಮಾಸುಮಬಿ’ ಎಂದು ಬರೆಯುವಷ್ಟರಲ್ಲಿ ಗೋದಾಮಿನ ಯಜಮಾನ ಎರಡು ಸಲ ಕೆಮ್ಮುತ್ತಿದ್ದ. ಎಷ್ಟೋ ಸಲ ಹಾಳೆಯ ಮೇಲ್ಭಾಗ ಖಾಲಿ ಇರುತ್ತಿತ್ತು. ಮೇಲಿನದನ್ನು ಆಮೇಲೆ ಬರೆಯುತ್ತಾರಂತೆ ಎಂದು ನಾನು ಹೇಳುತ್ತಿದ್ದೆ. ಆಕೆ ತಲೆಯಾಡಿಸುತ್ತಿದ್ದಳು. ಪ್ರತಿ ಸಹಿಯ ಪಕ್ಕದಲ್ಲಿ ಕೆಂಪು ಬೆರಳಿನ ಗುರುತು ಬೀಳುತ್ತಿತ್ತು. ಆ ಪುಸ್ತಕ ತೆರೆದಾಗಲೆಲ್ಲ ವಿಜಯಮಹಾಂತೇಶ ಸೀನುತ್ತಿದ್ದ. ಅಧ್ಯಕ್ಷರು ಬಂದರು ನೋಡು ಎಂದು ನಗುತ್ತಿದ್ದ. ನಾನೂ ನಕ್ಕಿದ್ದೇನೆ.

ಹೋದ ಆಗಸ್ಟ್ ಹದಿನೈದರಂದು ಮಾಸುಮಬಿ ಕೆಲಸ ಬಿಟ್ಟು ಬಂದಿದ್ದಳು. ಒಗೆದ ಸೀರೆ, ತಲೆತುಂಬ ಸೆರಗು. ಧ್ವಜದ ಕಟ್ಟೆಯನ್ನು ನಾನೇ ಸಾರಿಸಿ ರಂಗೋಲಿ ಹಾಕಿದ್ದೆ. ಧ್ವಜ ಏರಿಸುವವರು ಅಧ್ಯಕ್ಷರು ಎಂದು ಕಾಗದದಲ್ಲಿತ್ತು. ಹಾಲಸಿದ್ದಪ್ಪ ಬಂದವನೇ ಆಕೆಯ ಕೈಗೆ ಹೂವಿನ ತಟ್ಟೆ ಕೊಟ್ಟು ಹಗ್ಗವನ್ನು ತಾನು ಹಿಡಿದ. ಫೋಟೋ ತೆಗೆಯುವಾಗ ಒಂದು ಗಳಿಗೆ ಹಗ್ಗಕ್ಕೆ ಕೈ ಹಚ್ಚು ಅಂದ. ಆಕೆ ಹಚ್ಚಿದಳು. ಫೋಟೋ ಮುಗಿಯಿತು, ಕೈ ತೆಗೆಸಿದ. ಆಮೇಲೆ ಭಾಷಣ. ದೆಹಲಿಯಲ್ಲಿದ್ದ ಅಧಿಕಾರ ನಮ್ಮ ಹಳ್ಳಿಯ ಅಗಸೆ ಬಾಗಿಲಿಗೆ ಬಂದಿದೆ ಅಂದ. ಅದು ಖರೆ. ಅಗಸೆ ಬಾಗಿಲಿಗೆ ಬಂತು, ಅಲ್ಲಿಂದ ನೆಟ್ಟಗೆ ಅವನ ಮನೆಗೆ ಹೋಯಿತು. ಎಲ್ಲರೂ ಚಹಾ ಕುಡಿದು ಹೋದ ಮೇಲೆ ಮಾಸುಮಬಿ ಕಟ್ಟೆಯ ಅಂಚಿಗೆ ಒಬ್ಬಳೇ ನಿಂತಿದ್ದಳು. ನನ್ನ ಪಾಲಿನ ಚಹಾದಲ್ಲಿ ಅರ್ಧ ಕೊಟ್ಟೆ. ನನ್ನ ಕೈಯಿಂದ ಚಹಾ ತೆಗೆದುಕೊಂಡು ಕುಡಿದ ಅಧ್ಯಕ್ಷರು ಆಕೆಯೊಬ್ಬಳೇ.

ಆಕೆಯ ಮನೆ ಹೊಸ ಪ್ಲಾಟಿನಲ್ಲಿದೆ. ಹೊಸದು ಅನ್ನುವುದು ಹೆಸರಿಗೆ. ಮೂವತ್ತು ವರ್ಷದ ಹಿಂದೆ ಊರಾಚೆಯ ಗಾಯರಾಣದಲ್ಲಿ, ಅಂದರೆ ದನ ಮೇಯಲು ಬಿಟ್ಟ ಸರ್ಕಾರಿ ಜಾಗದಲ್ಲಿ, ಡಾಂಬರು ರಸ್ತೆಯ ಮಗ್ಗುಲಿಗೆ, ಇಪ್ಪತ್ಮೂರು ಮನೆಯವರು ತಗಡು ಹಾಕಿಕೊಂಡು ಕೂತರು. ಹೆಚ್ಚಿನವರು ಪಿಂಜಾರರು, ನಾಲ್ಕೈದು ಮನೆ ಬೇರೆಯವರದು. ಹಕ್ಕುಪತ್ರ ಇನ್ನೂ ಬಂದಿಲ್ಲ. ಆ ಇಪ್ಪತ್ಮೂರು ಮನೆಯ ಹೆಂಗಸರೆಲ್ಲ ಬ್ಯಾಡಗಿಯ ತೊಟ್ಟಿನ ಕೆಲಸಕ್ಕೇ ಹೋಗುವವರು. ಗಂಡಸರು ಹಮಾಲರು, ಮಾಸುಮಬಿಯ ಗಂಡ ಖಲಂದರನೂ ಹಮಾಲನೇ. ಮಕ್ಕಳು ಶಾಲೆಗೆ. ಶಾಲೆ ಬಿಡುವವರೆಗೆ ಹಗಲೆಲ್ಲ ಇಪ್ಪತ್ಮೂರು ಬಾಗಿಲಿಗೆ ಇಪ್ಪತ್ಮೂರು ಬೀಗ.

ಆದರೆ ಒಂಬತ್ತನೇ ಮನೆಯ ಬೀಗದ ಒಳಗೆ ಮನುಷ್ಯಳಿದ್ದಳು. ಮಾಸುಮಬಿಯ ಅತ್ತೆ ಮೈಮುನಾಬಿ. ವಯಸ್ಸು ಎಂಬತ್ತನ್ನು ದಾಟಿದೆ, ಎರಡೂ ಕಣ್ಣು ಹೋಗಿವೆ. ಒಮ್ಮೆ ಗೋಡೆ ಹಿಡಿದುಕೊಂಡು ರಸ್ತೆಗೆ ಬಂದು ಲಾರಿಯ ಮುಂದೆ ನಿಂತಿದ್ದಳು. ಅಂದಿನಿಂದ ಹೊರಗಿನಿಂದ ಬೀಗ ಹಾಕಿ ಕೀಲಿಯನ್ನು ನನಗೆ ಕೊಟ್ಟು ಹೋಗುತ್ತಿದ್ದರು. ಮಧ್ಯಾಹ್ನ ನಾನು ಹೋಗಿ ಬಾಗಿಲು ತೆಗೆದು, ರೊಟ್ಟಿ ನೀರು ಕೊಟ್ಟು, ಸ್ವಲ್ಪ ಹೊತ್ತು ಬಿಸಿಲಿಗೆ ಕೂಡಿಸಿ ಮತ್ತೆ ಬೀಗ ಹಾಕಿ ಬರುತ್ತಿದ್ದೆ. ಇದು ಉಪಕಾರವಲ್ಲ. ನನ್ನ ಮೊದಲ ಹೆರಿಗೆಯಲ್ಲಿ ಮಗು ಅಡ್ಡ ತಿರುಗಿದಾಗ ಊರ ಸೂಲಗಿತ್ತಿ ಕೇರಿಗೆ ಬರುವುದಿಲ್ಲ ಅಂದಳು. ಆ ದಿನ ಕೇರಿಗೆ ಬಂದವಳು ಮೈಮುನಾಬಿ. ಆ ಎರಡು ಕೈ ಇಲ್ಲದಿದ್ದರೆ ನಾನು ಇಲ್ಲ.

ಬಿಸಿಲಿಗೆ ಕೂತಾಗ ಮುದುಕಿ ಓಟಿನ ಮಾತು ತೆಗೆಯುತ್ತಿದ್ದಳು. ಮದುವೆಯಾಗಿ ಬಂದ ಮರುವರ್ಷ ಚಕ್ಕಡಿಯಲ್ಲಿ ಕೂತು ಹೋಗಿ ಮೊದಲ ಓಟು ಹಾಕಿದ್ದಳಂತೆ. ಬೆರಳಿನ ಕಪ್ಪು ಹೋಗಬಾರದೆಂದು ಎಂಟು ದಿನ ಆ ಬೆರಳು ಎತ್ತಿಕೊಂಡು ಪಾತ್ರೆ ತಿಕ್ಕಿದ್ದಳಂತೆ. ಅಂದಿನಿಂದ ಒಂದು ಓಟನ್ನೂ ಬಿಟ್ಟವಳಲ್ಲ. ಈಗಲೂ ಓಟಿನ ದಿನ ಹಾಲಸಿದ್ದಪ್ಪನ ಜೀಪು ಬಾಗಿಲಿಗೆ ಬರುತ್ತದೆ, ಇಬ್ಬರು ಗಂಡಸರು ಆಕೆಯನ್ನು ಹೂವಿನ ಹಾಗೆ ಎತ್ತಿ ಕೂಡಿಸುತ್ತಾರೆ.

“ಓಟಿನ ದಿನಾ ನಾವು ಇರ್ತೇವಿ ನೋಡವಾ,” ಎಂದಿದ್ದಳು ಒಮ್ಮೆ. “ಉಳದ ದಿನಾ ಇರಂಗಿಲ್ಲ.”

ನಾನು ನಕ್ಕೆ. ಮುದುಕಿ ಚೇಷ್ಟೆ ಮಾಡುತ್ತಾಳೆ ಅಂದುಕೊಂಡೆ.

ಜನವರಿಯಲ್ಲಿ ಒಂದು ದಿನ ವಿಜಯಮಹಾಂತೇಶ ಶಾಲೆಯಿಂದ ಒಂದು ಪಾಟಿ, ಒಂದು ಬಳಪ ತರಿಸಿದ. ಹೊಸ ಪ್ಲಾಟಿಗೆ ಬಾ ಎಂದ. ಹಗಲು ಹನ್ನೊಂದು ಗಂಟೆ. ಪಾಟಿಯ ಮೇಲೆ ನಾನು ನಂಬರು ಬರೆಯಬೇಕು, ಬೀಗದ ಪಕ್ಕದಲ್ಲಿ ಹಿಡಿಯಬೇಕು, ಅವನು ಮೊಬೈಲಿನಲ್ಲಿ ಫೋಟೋ ತೆಗೆಯಬೇಕು. ಒಂದು, ಎರಡು, ಮೂರು. ಹಕ್ಕುಪತ್ರಕ್ಕಿರಬೇಕು ಎಂದು ಮೊದಲ ನಾಲ್ಕು ಬಾಗಿಲಿಗೆ ಖುಷಿಯಿಂದಲೇ ಹಿಡಿದೆ. ಐದನೆಯ ಮನೆಯ ಮುಂದೆ ಒಲೆಯ ಬೂದಿ ಇನ್ನೂ ಬೆಚ್ಚಗಿತ್ತು. ಬೂದಿ ಬರಬಾರದು, ಬೀಗ ಅಷ್ಟೇ ಬರಬೇಕು ಎಂದು ಅವನು ಮೊಬೈಲನ್ನು ಹತ್ತಿರಕ್ಕೆ ತಂದ. ಏಳನೆಯ ಮನೆಯ ಮುಂದಿನ ಹಗ್ಗದ ಮೇಲಿದ್ದ ಹಸಿ ಅರಿವೆಯನ್ನು ತೆಗೆದಿಡಲು ಹೇಳಿದ. ತೆಗೆದಿಟ್ಟೆ. ಅಷ್ಟೊತ್ತಿಗೆ ನನಗೆ ಎಲ್ಲ ತಿಳಿದಿತ್ತು. ತಿಳಿದೂ ತೆಗೆದಿಟ್ಟೆ.

ಒಂಬತ್ತು. ಮಾಸುಮಬಿಯ ಬಾಗಿಲು. ಕೀಲಿ ನನ್ನ ಸೊಂಟದಲ್ಲಿ ಇತ್ತು. ಪಾಟಿ ಎತ್ತಿ ಹಿಡಿದಾಗ ಒಳಗಿನಿಂದ ದನಿ ಬಂತು.

“ಯಾರವಾ?”

ವಿಜಯಮಹಾಂತೇಶ ನನ್ನ ಮುಖ ನೋಡಿದ. ನಾನು ಪಾಟಿ ನೋಡಿದೆ. ಮುದುಕಿ ಇನ್ನೊಮ್ಮೆ ಕೇಳಿದಳು. ಕೈ ಅಲುಗಾಡಿಸಬೇಡ ಎಂದು ಅವನು ಮೆಲ್ಲಗೆ ಹೇಳಿದ. ನಾನು ಅಲುಗಾಡಿಸಲಿಲ್ಲ. ನನ್ನ ಬಲಗೈಯ ಕಿರುಬೆರಳು ಬಾಗಿದೆ, ಸಣ್ಣವಳಿದ್ದಾಗ ಗಾಣಕ್ಕೆ ಸಿಕ್ಕಿದ್ದು. ಆ ಬೆರಳು ಪಾಟಿಯ ಅಂಚಿಗೆ ಎದ್ದು ಕಾಣುವಂತೆ ಫೋಟೋದಲ್ಲಿ ಬಂತು.

ಒಂದು ತಾಸು ಬಿಟ್ಟು ಒಬ್ಬಳೇ ಹೋಗಿ ಬಾಗಿಲು ತೆಗೆದೆ. ಯಾರೋ ಬಂದಿದ್ದರು ಎಂದಳು ಮುದುಕಿ. ನಾಯಿ ಇರಬೇಕು ಎಂದೆ. ನಾಯಿ ಯಾವಾಗಿನಿಂದ ಚಪ್ಪಲಿ ಮೆಟ್ಟಲು ಹತ್ತಿದವು ಎಂದು ನಗುತ್ತ ರೊಟ್ಟಿ ಮುರಿದಳು.

ಅಲ್ಮಾರಿ ಒರೆಸುವಾಗ ಠರಾವಿನ ಪುಸ್ತಕ ಬಿಚ್ಚಿ ನೋಡಿದೆ. ಹಿಂದಿನ ತಿಂಗಳು ಖಾಲಿ ಇದ್ದ ಹಾಳೆ ತುಂಬಿತ್ತು. ರಸ್ತೆ ಪಕ್ಕದ ಗಾಯರಾಣವನ್ನು ಪರಿಶೀಲಿಸಲಾಗಿದೆ. ಸದರಿ ಜಾಗದಲ್ಲಿ ಇಪ್ಪತ್ಮೂರು ಪಾಳು ಶೆಡ್ಡುಗಳಿದ್ದು ಯಾರೂ ವಾಸವಿರುವುದಿಲ್ಲ. ಅವನ್ನು ತೆರವುಗೊಳಿಸಿ ಮೆಣಸಿನಕಾಯಿ ಸಂಗ್ರಹದ ಕೋಲ್ಡ್ ಸ್ಟೋರೇಜಿಗೆ ಜಾಗ ನೀಡಲು ಪಂಚಾಯಿತಿಯ ತಕರಾರಿಲ್ಲ. ಸರ್ವಾನುಮತದಿಂದ ಒಪ್ಪಲಾಯಿತು. ಕೆಳಗೆ ಅಧ್ಯಕ್ಷರ ಸಹಿ, ಪಕ್ಕದಲ್ಲಿ ಕೆಂಪು ಬೆರಳಿನ ಗುರುತು. ತನ್ನ ಮನೆಯಲ್ಲಿ ತಾನಿಲ್ಲ ಎಂದು ಮಾಸುಮಬಿ ಬರೆದುಕೊಟ್ಟಂತಾಗಿತ್ತು. ಸ್ಟೋರೇಜು ಕಟ್ಟುವವನು ಹಾಲಸಿದ್ದಪ್ಪನ ಬೀಗ. ಮೆಣಸಿನಕಾಯಿಗೆ ತಂಪಾದ ಮನೆ ಬೇಕು. ತೊಟ್ಟು ಬಿಡಿಸುವವಳಿಗೆ ತಗಡಿನ ಮನೆಯೂ ಬೇಡ.

ಪುಸ್ತಕ ಮುಚ್ಚಿ ಅಲ್ಮಾರಿಯಲ್ಲಿಟ್ಟೆ. ಯಾರಿಗೂ ಹೇಳಲಿಲ್ಲ. ಬಡವನ ಸಿಟ್ಟು ದವಡೆಗೆ ಮೂಲ ಎಂದು ನನ್ನವ್ವ ಹೇಳುತ್ತಿದ್ದಳು. ನಾನು ದವಡೆ ಉಳಿಸಿಕೊಂಡೆ.

ಫೆಬ್ರವರಿಯಲ್ಲಿ ಇಪ್ಪತ್ಮೂರು ಬಾಗಿಲಿಗೆ ನೋಟೀಸು ಅಂಟಿಸಿದರು. ಅಂಟು ಕಲಸಿದವಳೂ ನಾನೇ. ಸಂಜೆ ಬಸ್ಸಿಳಿದು ಬಂದವರು ಒಬ್ಬರಿಂದ ಒಬ್ಬರು ಓದಿಸಿಕೊಂಡರು. ಅಧ್ಯಕ್ಷರ ಸಹಿ ಎನ್ನುವ ಮಾತು ಬಂದ ಕೂಡಲೇ ಎಲ್ಲರೂ ಒಂಬತ್ತನೇ ಬಾಗಿಲಿನ ಕಡೆ ತಿರುಗಿದರು.

ಅಂದಿನಿಂದ ಮಾಸುಮಬಿಯ ಜೊತೆ ಮಾತು ನಿಂತಿತು. ಬಸ್ಸಿನಲ್ಲಿ ಆಕೆಯ ಮಗ್ಗುಲಿನ ಸೀಟು ಖಾಲಿ, ನಿಂತವರು ನಿಂತೇ ಹೋದರು. ಗೋದಾಮಿನಲ್ಲಿ ಆಕೆ ರಾಶಿಯ ಈ ಕಡೆ ಕೂತರೆ ಉಳಿದವರು ಆ ಕಡೆ. ನಳದ ಪಾಳಿಯಲ್ಲಿ ಆಕೆಯ ಕೊಡವನ್ನು ತೆಗೆದು ಬದಿಗಿಟ್ಟರು. ನಮ್ಮನ್ನು ಮಾರಿಕೊಂಡು ತಿಂದಳು ಎಂದು ಮುಮ್ತಾಜಬಿ ಎದುರಿಗೇ ಅಂದಳು. ಆಕೆ ಮಾಸುಮಬಿಯ ಗಂಡನ ಅಕ್ಕ. ಮುಸ್ಕಾನ್ ಜೊತೆ ಆಡಲು ಯಾವ ಮಗುವೂ ಬರಲಿಲ್ಲ. ಖಲಂದರ ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ಲಾರಿ ಹತ್ತಿ ರಾಣೆಬೆನ್ನೂರಿಗೆ ಹೋದವನು ಅಲ್ಲೇ ಉಳಿದ. ನಾನು ಮಾತ್ರ ಮಧ್ಯಾಹ್ನ ಹೋಗುತ್ತಿದ್ದೆ. ಆಕೆಗೆ ಆ ಊರಲ್ಲಿ ಉಳಿದಿದ್ದವಳು ನಾನೊಬ್ಬಳೇ ಎಂದು ಆಕೆ ತಿಳಿದಿದ್ದಳು. ಅದೇ ನನ್ನನ್ನು ಸುಡುತ್ತಿತ್ತು.

ಒಂದು ಸಂಜೆ ಆಕೆ ನನ್ನ ಮನೆಗೆ ಬಂದಳು. ಮೊದಲ ಸಲ ಬಂದದ್ದು. ಒಳಗೆ ಬಂದು ಗೋಡೆಗೆ ಒರಗಿ ಕೂತಳು.

“ಹೊಳಿಯವ್ವಕ್ಕಾ, ಆವತ್ತ ನಾ ಸಹಿ ಮಾಡಿದಾಗ ಮ್ಯಾಲೆ ಏನಿತ್ತ?”

“ಖಾಲಿ ಇತ್ತ ತಂಗಿ,” ಎಂದೆ.

“ಖಾಲಿ ಇತ್ತ ಅಂತ ನನಗೂ ಗೊತ್ತಿತ್ತ,” ಎಂದಳು. “ಗೊತ್ತಿದ್ದೂ ಮಾಡಿದ್ನಲ್ಲ, ಅದಕ್ಕ ಸಿಟ್ಟು ನನ್ನ ಮ್ಯಾಲೆ ಬಂದೈತಿ.”

ಪಾಟಿ ಹಿಡಿದವಳು ನಾನೇ ಎಂದು ಆ ಹೊತ್ತಿಗೆ ಹೇಳಬೇಕಿತ್ತು. ಎದ್ದು ಒಲೆಗೆ ಕಟ್ಟಿಗೆ ಹಾಕಿದೆ.

ಮಾಸುಮಬಿ ತಾನೇ ಅರ್ಜಿ ಬರೆದಳು. ಮುಸ್ಕಾನಳ ನೋಟುಬುಕ್ಕಿನ ಹಾಳೆ. ಅರ್ಜಿ ಹಿಡಿದು ಒಬ್ಬಳೇ ಹಾವೇರಿಗೆ ಹೋದಳು. ಮೂರು ದಿನ ಕೆಲಸ ಬಿಟ್ಟು ಕಚೇರಿಯ ಬೆಂಚಿನ ಮೇಲೆ ಕೂತಳು. ಪಿಂಚಣಿಗೆ ಬಂದವಳು ಎಂದುಕೊಂಡ ಜವಾನ ಆ ಕಡೆ ಕೂಡ್ರು ಎಂದನಂತೆ. ನಾನು ಪಂಚಾಯಿತಿ ಅಧ್ಯಕ್ಷಳು ಎಂದದ್ದಕ್ಕೆ ಆಕೆಯ ಕೈ ನೋಡಿ ನಕ್ಕನಂತೆ. ಮೂರನೆಯ ದಿನ ಅರ್ಜಿ ತೆಗೆದುಕೊಂಡರು.

ವಿಚಾರಣೆಗೆ ಸುಧಾರಾಣಿ ಎನ್ನುವ ಅಧಿಕಾರಿ ಬಂದದ್ದು ಮಾರ್ಚಿನಲ್ಲಿ. ರಂಜಾನ್ ನಡೆದಿತ್ತು, ಮಾಸುಮಬಿ ರೋಜಾದಲ್ಲಿದ್ದಳು. ಪಂಚಾಯಿತಿಯ ದೊಡ್ಡ ಕೋಣೆ. ಮೇಜಿನ ಆಚೆ ಮೇಡಂ, ಪಕ್ಕದಲ್ಲಿ ವಿಜಯಮಹಾಂತೇಶ, ಕುರ್ಚಿಯಲ್ಲಿ ಹಾಲಸಿದ್ದಪ್ಪ. ಅಧ್ಯಕ್ಷಳು ನಿಂತಿದ್ದಳು. ಮೇಡಂ ಕೂಡ್ರಿ ಎಂದ ಮೇಲೆ ಸ್ಟೂಲ್ ಬಂತು. ಪ್ಲಾಟಿನವರು ಅಂಗಳದಲ್ಲಿ ಗುಂಪಾಗಿ ನಿಂತಿದ್ದರು, ಆಕೆಯಿಂದ ದೂರ. ನಾನು ಥರ್ಮಾಸು ಹಿಡಿದು ಬಾಗಿಲ ಹತ್ತಿರ ನಿಂತೆ.

ಮೇಡಂ ಠರಾವಿನ ಪುಸ್ತಕ ತೆರೆದು ಆ ಹಾಳೆಗೆ ಬಂದರು. ಬಂದವರೇ ಸೀನಿದರು. ಇನ್ನೊಂದು ಹಾಳೆ ತಿರುವಿ ಮತ್ತೆ ಸೀನಿದರು. ಕೆಂಪು ಗುರುತಿನ ಮೇಲೆ ಬೆರಳಾಡಿಸಿ, ಈ ಸಭೆ ಎಲ್ಲಿ ನಡೆಯಿತು ಎಂದು ಕೇಳಿದರು. ಇದೇ ಕೋಣೆಯಲ್ಲಿ, ಎಲ್ಲ ಸದಸ್ಯರ ಎದುರಿಗೆ ಎಂದ ಹಾಲಸಿದ್ದಪ್ಪ. ವಿಜಯಮಹಾಂತೇಶ ಹೂಂಗುಟ್ಟಿದ.

“ಸಹಿ ನಂದ ಐತ್ರಿ,” ಎಂದಳು ಮಾಸುಮಬಿ. “ಸಭಾ ಆಗಿಲ್ಲ. ಬ್ಯಾಡಗ್ಯಾಗ ಮೆಣಸಿನಕಾಯಿ ಚೀಲದ ಮ್ಯಾಲೆ ಮಾಡೇನಿ. ಮ್ಯಾಲೆ ಏನೂ ಬರದಿದ್ದಿಲ್ಲ.”

ಮೇಡಂ ಪೆನ್ನು ಕೆಳಗಿಟ್ಟರು. ಕೆಟ್ಟ ಹೆಂಗಸಲ್ಲ ಅವರು. ಮೆತ್ತಗೆ ತಿಳಿಸಿ ಹೇಳಿದರು. ಸಭೆ ಆಗಿದೆ ಎಂದರೆ ಠರಾವು ನಿಲ್ಲುತ್ತದೆ, ಮನೆಗಳು ಹೋಗುತ್ತವೆ. ಆಗಿಲ್ಲ ಎಂದರೆ ಸಭೆ ನಡೆಸದೆ ಸುಳ್ಳು ಠರಾವಿಗೆ ಸಹಿ ಮಾಡಿದ ತಪ್ಪು ಅಧ್ಯಕ್ಷರ ಮೇಲೆ ಬರುತ್ತದೆ. ಸ್ಥಾನ ಹೋಗಬಹುದು, ಮುಂದೆ ಚುನಾವಣೆಗೆ ನಿಲ್ಲಲೂ ಆಗದೆ ಇರಬಹುದು. ಯೋಚನೆ ಮಾಡಿ ಹೇಳಿ ಎಂದರು. ಪುಸ್ತಕವನ್ನು ಬ್ಯಾಡಗಿಗೆ ತಂದವರು ಯಾರು ಎಂದೂ ಕೇಳಿದರು.

ಯಾರೋ ತಂದರು, ನೆನಪಿಲ್ಲ ಎಂದಳು ಮಾಸುಮಬಿ. ನನ್ನ ಕಡೆ ನೋಡಲಿಲ್ಲ. ನನ್ನ ಹೊಟ್ಟೆಪಾಡು ಆಕೆಗೆ ನೆನಪಿತ್ತು.

ಹಾಲಸಿದ್ದಪ್ಪ ನಗುತ್ತ ಫೋಟೋಗಳನ್ನು ಮೇಜಿನ ಮೇಲೆ ಹರಡಿದ. ಮಾತು ಸುಳ್ಳಾದೀತು, ಫೋಟೋ ಸುಳ್ಳಾಗುತ್ತದೆಯೇ ಎಂದ. ಹಾಡಹಗಲು ಹನ್ನೊಂದು ಗಂಟೆ, ಇಪ್ಪತ್ಮೂರಕ್ಕೆ ಇಪ್ಪತ್ಮೂರೂ ಬೀಗ, ಒಂದು ನರಪಿಳ್ಳೆ ಇಲ್ಲ. ದುಡಿಯಲು ಹೋದವರ ಮನೆಯಲ್ಲಿ ಹನ್ನೊಂದು ಗಂಟೆಗೆ ಯಾರಿರುತ್ತಾರೆ ಎಂದು ಮಾಸುಮಬಿ ಕೇಳಿದಳು. ಓಟಿನ ಪಟ್ಟಿಯಲ್ಲಿ ನಮ್ಮ ಮನೆಗಳಿವೆ ಎಂದಳು. ಪಟ್ಟಿ ಹಳೆಯದು ಎಂದ ಅವನು. ಒಂಬತ್ತನೇ ಫೋಟೋವನ್ನು ಎತ್ತಿ ಆಕೆಯ ಮುಂದೆ ಎಸೆದ.

“ನಿನ್ನ ಮನೀನ ಐತಲ್ಲ ಇದು? ಒಳಗ ಯಾರರ ಇದ್ದರೇನ ಹೇಳು.”

ಮಾಸುಮಬಿ ಫೋಟೋ ನೋಡಿದಳು. ಮೊದಲು ಬೀಗ ನೋಡಿದಳು. ಆಮೇಲೆ ಪಾಟಿ. ಆಮೇಲೆ ಆಕೆಯ ಬೆರಳು ಪಾಟಿಯ ಅಂಚಿಗೆ ಬಂದು ನಿಂತಿತು. ತಿಂಗಳು ತಿಂಗಳೂ ಹಾಳೆಯ ಮೇಲೆ ಸಹಿಯ ಜಾಗ ತೋರಿಸುತ್ತಿದ್ದ ಕೈ ಅದು. ಆಕೆಗೆ ಗುರುತು ಸಿಕ್ಕದೆ ಇರುತ್ತದೆಯೇ? ತಲೆ ಎತ್ತಿ ನನ್ನನ್ನು ನೋಡಿದಳು. ಆ ಕಣ್ಣಲ್ಲಿ ಸಿಟ್ಟಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಇರಲಿಲ್ಲ. ಊರಲ್ಲಿ ತನಗೆ ಇನ್ನು ಯಾರೂ ಇಲ್ಲ ಎನ್ನುವುದು ಮಾತ್ರ ಇತ್ತು. ಫೋಟೋವನ್ನು ಬೋರಲು ಹಾಕಿ ಮೇಡಂ ಕಡೆ ತಿರುಗಿದಳು. ನನ್ನ ಹೆಸರು ಆಗಲೂ ಹೇಳಲಿಲ್ಲ. ಒಳಗೆ ಅತ್ತೆ ಇದ್ದಳು ಎಂದರೆ ಕೀಲಿ ಯಾರ ಹತ್ತಿರವಿತ್ತು ಎನ್ನುವ ಮಾತು ಬರುತ್ತಿತ್ತು, ಅದನ್ನೂ ಹೇಳಲಿಲ್ಲ.

“ನನ್ನ ತೆಗೀರಿ ಮೇಡಂ,” ಎಂದಳು. “ಆದ್ರ ಇದ್ದಾಕಿನ್ನ ತೆಗದೇವಿ ಅಂತ ಬರೀರಿ. ಇಲ್ಲದಾಕಿನ್ನ ಯಾರೂ ತೆಗ್ಯಾಕ ಬರಂಗಿಲ್ಲ.”

ನಾನು ಥರ್ಮಾಸು ಕೆಳಗಿಟ್ಟೆ. ನಡೆದು ಹೋಗಿ ಮೇಜಿನ ಮುಂದೆ ನಿಂತೆ. ಹದಿನಾಲ್ಕು ವರ್ಷದಲ್ಲಿ ಒರೆಸುವ ಅರಿವೆ ಇಲ್ಲದೆ ಆ ಮೇಜಿನ ಹತ್ತಿರ ಹೋದದ್ದು ಅದೇ ಮೊದಲು. ಸೊಂಟದಿಂದ ಕೀಲಿ ತೆಗೆದು ಮೇಜಿನ ಮೇಲೆ ಇಟ್ಟೆ. ಬೋರಲಾಗಿದ್ದ ಫೋಟೋವನ್ನು ತಿರುವಿ ಹಾಕಿ, ನನ್ನ ಬಾಗಿದ ಬೆರಳನ್ನು ಅದರ ಪಕ್ಕದಲ್ಲಿ ಇಟ್ಟೆ.

“ಪಾಟಿ ಹಿಡದಾಕಿ ನಾನ್ರಿ,” ಎಂದೆ. “ಪುಸ್ತಕ ಒಯ್ದಾಕಿನೂ ನಾನ. ಈ ಬೀಗದ ಕೀಲಿ ಆವತ್ತ ನನ್ನ ನಡದಾಗ ಇತ್ರಿ. ಒಳಗ ಮೈಮುನಾಬಿ ಇದ್ದಳು. ಯಾರವಾ ಅಂತ ಕೇಳಿದಳು. ಇವ್ರೂ ಕೇಳಿಸ್ಕೊಂಡಾರ, ನಾನೂ ಕೇಳಿಸ್ಕೊಂಡೇನಿ. ಇಬ್ರೂ ಮಾತಾಡ್ಲಿಲ್ಲ.”

ವಿಜಯಮಹಾಂತೇಶ ಎದ್ದು ನಿಂತ. ಹಾಲಸಿದ್ದಪ್ಪ ಕೂತಲ್ಲೇ ನನ್ನ ಜಾತಿ ಎತ್ತಿ ಬೈದ. ಮೇಡಂ ಎದುರಿಗೇ ಬೈದ. ಬೈಯಲಿ. ಈ ಕೋಣೆಯಲ್ಲಿ ಸಭೆ ನಡೆದಿದ್ದರೆ ಕಸ ಗುಡಿಸಿದ ನನಗೆ ಗೊತ್ತಿರುತ್ತಿತ್ತು, ಎರಡು ವರ್ಷದಲ್ಲಿ ಹನ್ನೊಂದು ಜನರ ಚಹಾ ಲೋಟ ನಾನು ಒಮ್ಮೆಯೂ ಎತ್ತಿಲ್ಲ ಎಂದು ಮೇಡಂಗೆ ಹೇಳಿದೆ. ಎಲ್ಲ ಬರೆದುಕೊಂಡರು. ಕೆಳಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಮಸಿಯ ಡಬ್ಬಿ ಮುಂದೆ ಮಾಡಿದರು. ಬೇಡ ಎಂದೆ. ಮೊದಲು ಪೂರ್ತಿ ಓದಿದೆ, ಆಮೇಲೆ ಪೆನ್ನು ತೆಗೆದುಕೊಂಡು ಸಹಿ ಮಾಡಿದೆ. ನಾನು ಓದುವುದನ್ನು ಹಾಲಸಿದ್ದಪ್ಪ ಬಾಯಿ ತೆರೆದು ನೋಡುತ್ತಿದ್ದ.

ಠರಾವನ್ನು ತಡೆಹಿಡಿದರು. ಮನೆಯವರು ಇರುವಾಗಲೇ ಮತ್ತೆ ಸ್ಥಳ ಪರಿಶೀಲನೆ ಆಗಬೇಕೆಂದು ಬರೆದರು. ಅಲ್ಲಿಯವರೆಗೆ ಯಾರೂ ಮನೆ ಮುಟ್ಟುವಂತಿಲ್ಲ. ಮಾಸುಮಬಿಯ ಮೇಲಿನ ವರದಿ ಮೇಲಕ್ಕೆ ಹೋಯಿತು. ನಾಳೆಯಿಂದ ಬರಬೇಡ ಎಂದು ಸಂಜೆಯೇ ನನಗೆ ಹೇಳಿ ಕಳಿಸಿದರು. ಕಸಬರಿಗೆ ನಾನು ಮನೆಯಿಂದ ತಂದದ್ದು, ಅದನ್ನು ತೆಗೆದುಕೊಂಡು ಬಂದೆ.

ಅಂಗಳದಲ್ಲಿದ್ದ ಪ್ಲಾಟಿನವರು ಆಗಲೇ ಮನೆಗೆ ಹೊರಟಿದ್ದರು. ಮಾಸುಮಬಿಗೆ ಯಾರೂ ಏನೂ ಅನ್ನಲಿಲ್ಲ. ಬೈಯಲೂ ಇಲ್ಲ, ಕರೆಯಲೂ ಇಲ್ಲ. ಮುಮ್ತಾಜಬಿ ಒಮ್ಮೆ ನಿಂತು ಹಿಂದೆ ತಿರುಗಿ ನೋಡಿ ಮತ್ತೆ ನಡೆದಳು. ಮೇಜಿನ ಮೇಲಿದ್ದ ಕೀಲಿಯನ್ನು ಮಾಸುಮಬಿ ತೆಗೆದುಕೊಂಡಿದ್ದಳು. ಆಕೆ ಮುಂದೆ, ನಾನು ಹತ್ತು ಹೆಜ್ಜೆ ಹಿಂದೆ. ಹೊಸ ಪ್ಲಾಟಿನ ತಿರುವಿನಲ್ಲಿ ನಿಂತಳು.

“ಯಾರವಾ ಅಂತ ಅತ್ತಿ ಎಷ್ಟ ಸಲ ಕೇಳಿದ್ರು ಆವತ್ತ?”

“ಎರಡ ಸಲ.”

ಆಕೆ ತಲೆಯಾಡಿಸಿದಳು. ರೋಜಾ ಬಿಡುವ ಹೊತ್ತಾಗಿತ್ತು, ಮಸೀದಿಯ ಕಡೆಯಿಂದ ಕೂಗು ಬಂತು. ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋದಳು. ಅದನ್ನು ಮತ್ತೆ ನನಗೆ ಕೊಡಲಿಲ್ಲ. ಕೊಡು ಎಂದು ಯಾವ ಬಾಯಿಂದ ಕೇಳಲಿ?

ಮರುದಿನ ಮಧ್ಯಾಹ್ನ ಕಾಲು ತಾನಾಗಿ ಆ ಕಡೆ ನಡೆಯಿತು. ಇಪ್ಪತ್ಮೂರು ಬಾಗಿಲು, ಇಪ್ಪತ್ಮೂರು ಬೀಗ. ರಸ್ತೆಯಲ್ಲಿ ಮೆಣಸಿನಕಾಯಿ ಲಾರಿ ಬಿಟ್ಟರೆ ಯಾರೂ ಇರಲಿಲ್ಲ. ಒಂಬತ್ತನೇ ಬಾಗಿಲಿನ ಮುಂದೆ ನಿಂತೆ. ಬೀಗ ಎತ್ತಿ ನೋಡಿ ಬಿಟ್ಟೆ. ಸಪ್ಪಳಾಯಿತು.

“ಯಾರವಾ?”

“ನಾನ್ರಿ ಅಮ್ಮಾ. ಹೊಳಿಯವ್ವ.”

ಒಳಗೆ ಗೋಡೆ ಹಿಡಿದುಕೊಂಡು ಬರುವ ಸಪ್ಪಳ ಕೇಳಿಸಿತು.

“ಬಾಗಲಾ ತೆಗ್ಯಂಗಿಲ್ಲೇನ ಇವತ್ತ?”

“ಕೀಲಿ ನನ್ನ ಹತ್ರ ಇಲ್ರಿ.”

ಸೊಸೆ ಎಲ್ಲ ಹೇಳಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ಮುದುಕಿ ಏನೂ ಕೇಳಲಿಲ್ಲ. ಹಾಗಾದರೆ ಅಲ್ಲೇ ಕೂಡ್ರು ಎಂದಳು. ಆಕೆ ಬಾಗಿಲಿಗೆ ಬೆನ್ನು ಕೊಟ್ಟು ಒಳಗೆ ಕೂತದ್ದು ಹಲಗೆ ಅಲುಗಿದ್ದರಿಂದ ತಿಳಿಯಿತು. ನಾನೂ ಹೊರಗೆ ಅದೇ ಹಲಗೆಗೆ ಬೆನ್ನು ಕೊಟ್ಟು ಬಿಸಿಲಿಗೆ ಕೂತೆ. ಯಾರಾದರೂ ಪಾಟಿ ಹಿಡಿದುಕೊಂಡು ಬರುವುದಿದ್ದರೆ ಬರಲಿ, ಬರೆದುಕೊಳ್ಳಲಿ. ಆ ಹೊತ್ತಿಗೆ ಆ ಪ್ಲಾಟಿನಲ್ಲಿ ನಾವಿಬ್ಬರು ಇದ್ದೆವು.